ಗೋಮಾಳ ಕೊಟ್ಟ ಸಾಲ

ಎರಡು ಗಾಜಿನ ಲೋಟ, ಎರಡು ಮಣ್ಣಿನ ಹೆಂಟೆ. ನಾಗಮಂಗಲದ ಕಡೆಯ ನಮ್ಮ ಊರಿನ ಮನೆಯ ಜಗಲಿಯ ಮೇಲೆ ಹೋದ ಬೇಸಿಗೆಯಲ್ಲಿ ನಾನು ಇಟ್ಟುಕೊಂಡಿದ್ದ ಪ್ರಯೋಗಶಾಲೆ ಇಷ್ಟೇ. ಒಂದು ಹೆಂಟೆಯನ್ನು ಗೋಮಾಳದಲ್ಲಿ ದನಗಳು ಕೆರೆಗೆ ಇಳಿಯುವ ಜಾಡಿನಿಂದ ಗುದ್ದಲಿಯಲ್ಲಿ ಎಬ್ಬಿಸಿ ತಂದಿದ್ದೆ. ಇನ್ನೊಂದು ಅಲ್ಲಿಂದ ಕೂಗಳತೆಯಲ್ಲಿರುವ ಮಾರಮ್ಮನ ಗುಡಿಯ ಹಿಂದಿನ ತೋಪಿನದು. ಚಪ್ಪಲಿ ಹಾಕಿಕೊಂಡು ಯಾರೂ ಹೋಗದ, ದನ ನುಗ್ಗಿದರೆ ಬೈಗುಳ ಬೀಳುವ ಜಾಗ ಅದು. ಎರಡೂ ಕೆಮ್ಮಣ್ಣು, ಇಳಿಜಾರು ಒಂದೇ, ಬೀಳುವ ಮಳೆಯೂ ಒಂದೇ. ಎರಡನ್ನೂ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ನೀರಿಗೆ ಬಿಟ್ಟೆ. ಜಾಡಿನ ಹೆಂಟೆ ಗುಳ್ಳೆ ಬಿಡುತ್ತ, ಚಹಾದಲ್ಲಿ ಅದ್ದಿಟ್ಟು ಮರೆತ ರಸ್ಕಿನ ಹಾಗೆ ಕುಸಿದು ಎರಡು ನಿಮಿಷಕ್ಕೆ ತಳದಲ್ಲಿ ಕೆಸರಾಯಿತು. ತೋಪಿನ ಹೆಂಟೆ ಸಂಜೆ ದೀಪ ಹಚ್ಚುವವರೆಗೂ ಕುಳಿತಲ್ಲಿಂದ ಕದಲಲಿಲ್ಲ, ನೀರೂ ತಿಳಿಯಾಗಿಯೇ ಇತ್ತು.

"ಇದಕ್ಕೆ ಏನು ಅಂಟು ಹಾಕಿದ್ದೀಯಪ್ಪಾ?" ಎಂದು ಚಿಕ್ಕಪ್ಪ ಕೇಳಿದರು.

ಅಂಟು ಇದ್ದದ್ದು ನಿಜ. ಹಾಕಿದ್ದು ಹುಲ್ಲು. ಹುಲ್ಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಬಿಸಿಲಿನ ಬಲದಿಂದ ಸಕ್ಕರೆ ಮಾಡಿಕೊಳ್ಳುತ್ತದೆ ಎಂಬುದು ಶಾಲೆಯಲ್ಲಿ ಎಲ್ಲರೂ ಓದಿದ ಪಾಠ. ಆ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನ ತುದಿಯಿಂದ ಮಣ್ಣಿಗೆ ಸೋರಿಸುತ್ತದೆ ಎಂಬುದು ಪಾಠದಲ್ಲಿ ಇರಲಿಲ್ಲ. ಅದನ್ನು ಮುಕ್ಕಲು ಬೇರಿನ ಸುತ್ತ ಕೋಟ್ಯಂತರ ಸೂಕ್ಷ್ಮಜೀವಿಗಳು ಸೇರುತ್ತವೆ, ಶಿಲೀಂಧ್ರಗಳು ನೂಲಿಗಿಂತ ಸಣ್ಣ ಎಳೆಗಳನ್ನು ಹರಡುತ್ತವೆ. ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವು ಉಸಿರಾಗಿ ಮತ್ತೆ ಗಾಳಿಗೆ ಬಿಡುತ್ತವೆ. ಉಳಿದದ್ದು ಅವುಗಳ ಮೈಯಾಗುತ್ತದೆ. ಸತ್ತ ಮೇಲೆ ಆ ಮೈಯ ಚೂರುಗಳು, ಲೋಳೆ, ಎಳೆಗಳೆಲ್ಲ ಜೇಡಿಯ ಕಣಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದು ಬೇರೆ ಜೀವಿಗಳ ಬಾಯಿಗೆ ಸುಲಭವಾಗಿ ಸಿಗುವುದಿಲ್ಲ. ತೋಪಿನ ಹೆಂಟೆಯನ್ನು ಹಿಡಿದು ನಿಲ್ಲಿಸಿದ್ದು ಇದೇ. ಮಣ್ಣಿನ ಸಾವಯವ ಇಂಗಾಲ ಎಂದು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆದು ಕೊಡುವುದೂ ಬಹುಮಟ್ಟಿಗೆ ಇದನ್ನೇ.

ಮಣ್ಣಿನಲ್ಲಿ ಇಂಗಾಲ 'ಹೂತಿಡುವುದು' ಎಂಬ ಮಾತು ಈಗ ಎಲ್ಲ ಕಡೆ ಕೇಳಿಸುತ್ತದೆ. ನನಗೆ ಆ ಮಾತು ಒಗ್ಗುವುದಿಲ್ಲ. ಹೂತಿಟ್ಟದ್ದು ಇಟ್ಟ ಜಾಗದಲ್ಲೇ ಇರುತ್ತದೆ, ಇಂಗಾಲ ಇರುವುದಿಲ್ಲ. ಅದನ್ನು ಕೆರೆಯ ನೀರಿನ ಹಾಗೆ ಎಣಿಸಿದರೆ ಲೆಕ್ಕ ತಿಳಿಯಾಗುತ್ತದೆ. ಕಾಲುವೆಯಿಂದ ನೀರು ಬರುತ್ತಿರುತ್ತದೆ, ತೂಬಿನಿಂದ ಹೋಗುತ್ತಿರುತ್ತದೆ. ಕೆರೆಯ ಮಟ್ಟ ಏರಬೇಕಾದರೆ ಒಳಹರಿವು ಹೆಚ್ಚಬೇಕು, ಇಲ್ಲವೇ ತೂಬು ಬಿಗಿಯಬೇಕು. ಕೆಲವು ವರ್ಷ ಏರಿದ ಮೇಲೆ ಬರುವುದೂ ಹೋಗುವುದೂ ಸರಿಸಮ ಆಗಿ ಮಟ್ಟ ಒಂದು ಕಡೆ ನಿಲ್ಲುತ್ತದೆ. ಹವಾಮಾನದ ಲೆಕ್ಕ ಬರೆಯುವವರು ಈ ಏರಿಕೆಗೆ ಸಾಮಾನ್ಯವಾಗಿ 20 ವರ್ಷ ಹಿಡಿಯುತ್ತಾರೆ. ಆಮೇಲೆ ಹೊಸ ಇಂಗಾಲ ಸೇರುವುದಿಲ್ಲ, ಸೇರಿದ್ದನ್ನು ಕಾಯುವ ಕೆಲಸ ಮಾತ್ರ ಉಳಿಯುತ್ತದೆ.

ಇಡೀ ಭೂಮಿಯ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲ ಇದೆ ಎನ್ನುವ ಅಂದಾಜು ಇದೆ. ಗಾಳಿಯಲ್ಲಿರುವುದಕ್ಕಿಂತ ಇದು ಹೆಚ್ಚು. 2015ರ ಪ್ಯಾರಿಸ್ ಸಮ್ಮೇಳನದಲ್ಲಿ ಫ್ರಾನ್ಸ್ ದೇಶ ಈ ದಾಸ್ತಾನನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಹೆಚ್ಚಿಸೋಣ ಎಂದು ಕರೆ ಕೊಟ್ಟಿತು. ಅಷ್ಟು ದೊಡ್ಡ ಅಂಕಿ ನಮ್ಮ ಕೈಗೆ ಹಿಡಿಯುವುದಿಲ್ಲ, ಒಂದು ಎಕರೆಗೆ ಇಳಿಸೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ ಆಳದ ಮಣ್ಣು, ಸುಮಾರು 850 ಟನ್ ತೂಗುತ್ತದೆ. ಪರೀಕ್ಷೆಯ ಚೀಟಿಯಲ್ಲಿ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ 'ಕಡಿಮೆ', 0.75 ದಾಟಿದರೆ 'ಹೆಚ್ಚು'. ಒಂದು ಹೊಲಕ್ಕೆ 0.4 ಬಂದಿದೆ ಎಂದರೆ ಆ ಎಕರೆಯ ಮೇಲ್ಮಣ್ಣಿನಲ್ಲಿ ಸುಮಾರು ಮೂರೂವರೆ ಟನ್ ಇಂಗಾಲ ಇದೆ ಎಂದು ಅರ್ಥ. ಅದನ್ನು 0.5ಕ್ಕೆ ಏರಿಸಲು ಮುಕ್ಕಾಲು ಟನ್ನಿಗೂ ಸ್ವಲ್ಪ ಹೆಚ್ಚು ಇಂಗಾಲ ಸೇರಬೇಕು. ಗಾಳಿಯ ಲೆಕ್ಕಕ್ಕೆ ತಿರುಗಿಸಿದರೆ ಅದು ಮೂರು ಟನ್ ಇಂಗಾಲದ ಡೈಆಕ್ಸೈಡ್. ಚೀಟಿಯಲ್ಲಿ ದಶಾಂಶದ ಒಂದು ಅಂಕಿ ಬದಲಾಗುವುದಕ್ಕೆ ಇಷ್ಟು ಶ್ರಮ.

ನಮ್ಮ ಕಡೆಯ ಮಣ್ಣಿನಲ್ಲಿ ಆ ಶ್ರಮ ಇನ್ನೂ ಹೆಚ್ಚು. ಮಂಡ್ಯ ಎಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ. ನಾಲೆಯ ನೀರು ಹತ್ತದ ನಾಗಮಂಗಲದ ದಿಣ್ಣೆಗಳಲ್ಲಿ ರಾಗಿ, ಹುರುಳಿ, ತೆಂಗು, ಕುರಿ. ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು. ನಡುವೆ ಹುಲ್ಲು ಕಾಯುತ್ತ ನಿಲ್ಲುತ್ತದೆ. ಇಂಗಾಲದ ಕೆರೆಗೆ ಕಾಲುವೆ ಹರಿಯುವುದೇ ಕೆಲವು ವಾರ, ತೂಬು ಮಾತ್ರ ಸದಾ ಸೋರುತ್ತದೆ. ಬಿಸಿ ಹೆಚ್ಚಿದಷ್ಟೂ ಸೂಕ್ಷ್ಮಜೀವಿಗಳ ಹಸಿವು ಹೆಚ್ಚು, ಹತ್ತು ಡಿಗ್ರಿ ಏರಿದರೆ ಕೊಳೆಯುವ ವೇಗ ಹೆಚ್ಚುಕಡಿಮೆ ಇಮ್ಮಡಿ. ಇದರ ಜೊತೆಗೆ ಕೆಮ್ಮಣ್ಣಿನ ಜೇಡಿ ಎರೆಮಣ್ಣಿನ ಜೇಡಿಯಷ್ಟು ಇಂಗಾಲ ಹಿಡಿಯುವುದಿಲ್ಲ. ಎರೆಯ ಜೇಡಿಗೆ ಪದರ ಪದರವಾಗಿ ಮೈಯೆಲ್ಲ ಅಂಗೈ, ನಮ್ಮದಕ್ಕೆ ಅಂಟಿಸಿಕೊಳ್ಳುವ ಜಾಗವೇ ಕಡಿಮೆ. ಹಿಂದಿನವರು ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದದ್ದರಲ್ಲಿ ಇಂಗಾಲದ ದೃಷ್ಟಿಯಿಂದಲೂ ಅರ್ಥವಿದೆ. ಅವರು ಹೊಲಕ್ಕೆ ಸೇರಿಸುತ್ತಿದ್ದದ್ದು ಆ ಅಂಗೈಗಳನ್ನು.

ಭರಣಿಯ ಮೊದಲ ಹನಿ ಬಿದ್ದಾಗ ಏಳುವ ಮಣ್ಣಿನ ಪರಿಮಳ ಎಲ್ಲರಿಗೂ ಇಷ್ಟ. ಆ ವಾಸನೆಗೆ ಮಣ್ಣಿನ ಒಂದು ಜಾತಿಯ ಸೂಕ್ಷ್ಮಜೀವಿಗಳು ಬಿಡುವ ವಸ್ತು ಕಾರಣ. ಅದೇ ಗಳಿಗೆಯಲ್ಲಿ ಇನ್ನೊಂದೂ ನಡೆಯುತ್ತಿರುತ್ತದೆ. ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ನೀರು ಬಿದ್ದ ಕೂಡಲೇ ಮಲಗಿದ್ದ ಜೀವಿಗಳು ಎದ್ದು ಕುಳಿತು, ಒಣಗಿ ಸತ್ತವುಗಳನ್ನು ತಿಂದು, ಒಂದೇ ಸಲ ದಂಡಿಯಾಗಿ ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡುತ್ತವೆ. 1950ರ ದಶಕದಲ್ಲಿ ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಬರ್ಚ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು, ಈಗಲೂ ಅದಕ್ಕೆ ಅವರದೇ ಹೆಸರು. ಮಳೆ ಬಂದು ನಿಂತು, ಒಣಗಿ, ಮತ್ತೆ ಬರುವ ನಮ್ಮಂಥ ಸೀಮೆಯಲ್ಲಿ ಈ ನಿಟ್ಟುಸಿರು ವರ್ಷದಲ್ಲಿ ಹಲವು ಸಲ.

ಇನ್ನು ಗೋಮಾಳದ ವಿಷಯಕ್ಕೆ ಬರುತ್ತೇನೆ. ಪಹಣಿಯಲ್ಲಿ ಅದು 'ಗೋಮಾಳ', 'ಹುಲ್ಲುಬನ್ನಿ ಖರಾಬು' ಎಂದೆಲ್ಲ ಇರುತ್ತದೆ. ಖರಾಬು ಎಂಬ ಮಾತಿನಲ್ಲೇ ಕಂದಾಯ ಇಲಾಖೆಯ ಅಭಿಪ್ರಾಯ ಇದೆ, ಸಾಗುವಳಿ ಆಗದ್ದು, ಆದ್ದರಿಂದ ಕೆಟ್ಟದ್ದು. ಆದರೆ ನಮ್ಮ ರಾಗಿ ಹೊಲ ಇಷ್ಟು ಶತಮಾನ ಬೆಳೆ ಕೊಟ್ಟದ್ದು ಈ ಕೆಟ್ಟ ನೆಲದ ಬಲದಿಂದ. ದನ ಬೆಳಿಗ್ಗೆ ಗೋಮಾಳಕ್ಕೆ ಹೋಗಿ ಹುಲ್ಲು ಮೇಯುತ್ತದೆ, ರಾತ್ರಿ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತದೆ. ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಯುಗಾದಿಯ ನಂತರ ಹೊಲಕ್ಕೆ. ಕುರಿಮಂದೆಯನ್ನು ಹೊಲದಲ್ಲಿ ರಾತ್ರಿ ನಿಲ್ಲಿಸುವುದೂ ಇದೇ ವ್ಯವಹಾರ. ಗೋಮಾಳದ ಇಂಗಾಲ, ಸಾರಜನಕ, ರಂಜಕ ಎಲ್ಲ ನಾಲ್ಕು ಕಾಲಿನ ಮೇಲೆ ನಡೆದು ಹೊಲ ಸೇರುತ್ತವೆ, ಹಿಂದಿರುಗಿ ಹೋಗುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದಿರುವ ರಾಗಿಯ ದೀರ್ಘಕಾಲದ ಪ್ರಯೋಗದಲ್ಲಿ ಕೊಟ್ಟಿಗೆ ಗೊಬ್ಬರ ಸೇರಿಸಿದ ತಾಕುಗಳು ಇಂಗಾಲದಲ್ಲಿ ಮೇಲುಗೈ ಸಾಧಿಸಿದವು. ಒಳ್ಳೆಯ ಫಲಿತಾಂಶವೇ. ಆ ಗೊಬ್ಬರ ಯಾವ ನೆಲದ ಹುಲ್ಲು ಎಂದು ಕೇಳುವ ಅಭ್ಯಾಸ ಮಾತ್ರ ನಮಗಿಲ್ಲ.

ಹೀಗಾಗಿ 'ಎಕರೆಗೆ ಇಷ್ಟು ಗಾಡಿ ಗೊಬ್ಬರ ಹಾಕಿ ಮಣ್ಣಿನ ಇಂಗಾಲ ಹೆಚ್ಚಿಸಿದೆ' ಎಂದು ಯಾರಾದರೂ ಹೇಳಿದರೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಗಾಳಿಯಿಂದ ಹೊಸದಾಗಿ ಇಳಿಸಿದ ಇಂಗಾಲವೋ, ಪಕ್ಕದ ನೆಲದಿಂದ ಎತ್ತಿ ತಂದದ್ದೋ? ಎತ್ತಿ ತಂದದ್ದು ಹೊಲಕ್ಕೆ ಹಿತ, ರಾಗಿಗೆ ಹಿತ. ಹವಾಮಾನದ ಖಾತೆಯಲ್ಲಿ ಅದು ಈ ಜೇಬಿನಿಂದ ಆ ಜೇಬಿಗೆ ಹೋದ ಹಣ. ಹೊಸದಾಗಿ ಇಳಿಸುವುದು ಬೇರು ಮಾತ್ರ.

ಬೇರು ಬೆಳೆಯಬೇಕಾದರೆ ಎಲೆ ಉಳಿಯಬೇಕು. ಹುಲ್ಲಿನ ಗುಟ್ಟು ಅದರ ಬುಡದಲ್ಲಿದೆ. ಬೇಸಿಗೆಯಲ್ಲಿ ಮೇಲೆ ಸತ್ತಂತೆ ಕಂಡರೂ ಬುಡದಲ್ಲಿ, ಬೇರಿನಲ್ಲಿ ಒಂದಿಷ್ಟು ಸಂಗ್ರಹ ಇಟ್ಟುಕೊಂಡಿರುತ್ತದೆ. ಮೊದಲ ಮಳೆಗೆ ಚಿಗುರುವುದು ಆ ಉಳಿತಾಯ ಒಡೆದು. ಆ ಚಿಗುರನ್ನು ದನ ಒಮ್ಮೆ ಕಚ್ಚಿದರೆ ಮತ್ತೊಮ್ಮೆ ಚಿಗುರುತ್ತದೆ, ಮತ್ತೆ ಕಚ್ಚಿದರೆ ಮೂರನೆಯ ಸಲಕ್ಕೆ ಉಳಿತಾಯ ಇರುವುದಿಲ್ಲ. ಎಲೆ ಕಳೆದುಕೊಂಡ ಹುಲ್ಲು ಖರ್ಚು ತಗ್ಗಿಸಲು ಬೇರನ್ನೇ ಸಾಯಿಸುತ್ತದೆ. ಕೆಲವು ವರ್ಷ ಹೀಗಾದರೆ ಎತ್ತರದ ಬಹುವಾರ್ಷಿಕ ಹುಲ್ಲುಗಳು ಹೋಗಿ, ಗರಿಕೆ ನೆಲಕ್ಕೆ ಕಚ್ಚಿಕೊಂಡು, ಆಮೇಲೆ ದನ ಮುಟ್ಟದ ತಂಗಡಿ, ಪಾರ್ಥೇನಿಯಂ, ಲಂಟಾನ ಬರುತ್ತವೆ. ನೆಲ ಬೋಳಾದಲ್ಲಿ ಮಳೆಯ ಹನಿ ಮಣ್ಣನ್ನು ಬಡಿದು ಮೇಲ್ಪದರ ಗಾರೆಯಂತೆ ಗಟ್ಟಿಯಾಗುತ್ತದೆ. ನನ್ನ ಮೊದಲ ಲೋಟದಲ್ಲಿ ಕುಸಿದ ಹೆಂಟೆ ಮೈದಾನದಲ್ಲಿ ಮಾಡುವುದು ಇದನ್ನೇ. ಸಾವಯವ ಇಂಗಾಲ ಹೆಚ್ಚಿದರೆ ಮಣ್ಣು ಸ್ಪಂಜಿನಂತೆ ನೀರು ಹಿಡಿಯುತ್ತದೆ ಎಂಬ ಭಾಷಣ ಕೇಳಿರುತ್ತೀರಿ. ಅದು ಅತಿಶಯೋಕ್ತಿ. ಇಂಗಾಲ ಪೂರ್ತಿ ಶೇಕಡಾ ಒಂದು ಹೆಚ್ಚಿದರೂ ಮಣ್ಣು ಹೆಚ್ಚುವರಿಯಾಗಿ ಹಿಡಿಯುವ ನೀರು ಸರಾಸರಿಯಲ್ಲಿ ಗೇಣಾಳಕ್ಕೆ ಎರಡು-ಮೂರು ಮಿಲಿಮೀಟರಿನಷ್ಟೇ. ಲಾಭ ಇರುವುದು ಬೇರೆ ಕಡೆ. ಬಿದ್ದ ನೀರು ಒಳಗೆ ಇಳಿಯುತ್ತದೆಯೋ, ಮಣ್ಣನ್ನೂ ಹೊತ್ತುಕೊಂಡು ಕೆರೆಗೆ ಓಡುತ್ತದೆಯೋ ಎಂಬಲ್ಲಿ.

ಮೇಯಿಸಿಯೇ ಹುಲ್ಲುಗಾವಲನ್ನು ಉಳಿಸಬಹುದು, ದೊಡ್ಡ ಮಂದೆಯನ್ನು ಬೇಗ ಬೇಗ ಜಾಗ ಬದಲಿಸಿ ಮೇಯಿಸಿದರೆ ಮರುಭೂಮಿಯೂ ಹಸಿರಾಗುತ್ತದೆ ಎಂದು ಜಿಂಬಾಬ್ವೆಯ ಅಲನ್ ಸೇವರಿ 2013ರ ಒಂದು ಭಾಷಣದಲ್ಲಿ ಹೇಳಿದರು. ಲಕ್ಷಾಂತರ ಜನ ಅದನ್ನು ನೋಡಿದರು, ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ನನಗೆ ಇಬ್ಬರ ಮಾತಿಗಿಂತ ನಮ್ಮದೇ ಹಳೆಯ ಮೈಸೂರಿನ ಕಾವಲುಗಳು, ಅಂದರೆ ಮೀಸಲು ಹುಲ್ಲುಗಾವಲುಗಳು, ಹೆಚ್ಚು ಹೇಳುತ್ತವೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ, ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎಂದಾದ ಇಲಾಖೆಯ ದನಗಳಿಗೆ ಬೇಸಿಗೆಯ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ ಕಾವಲು ಬೇರೆ ಇದ್ದವು. ಕೆರೆಯ ಅಂಗಳ ಬೇಸಿಗೆಗೆ. ಬಯಲು ಮಳೆಗಾಲಕ್ಕೆ. ಯಾರೂ ಇಂಗಾಲದ ಹೆಸರು ಎತ್ತಿರಲಿಲ್ಲ. ಫಿರಂಗಿ ಎಳೆಯುವ ಎತ್ತು ಬೇಕಿತ್ತು, ಅದಕ್ಕೆ ಹುಲ್ಲು ಬೇಕಿತ್ತು, ಹುಲ್ಲಿಗೆ ಬಿಡುವು ಬೇಕಿತ್ತು. ಅಷ್ಟು ವಿಸ್ತಾರವಾದ ನೆಲವನ್ನು ಒಬ್ಬ ದೊರೆ ಮಾತ್ರ ಖಾಲಿ ಬಿಡಬಲ್ಲ ಎಂಬುದು ಬೇರೆ ಮಾತು.

ನಮ್ಮ ಊರುಗಳಿಗೆ ಸಿಕ್ಕಿದ್ದು ಎಷ್ಟು? ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ 100 ದನಗಳಿಗೆ 12 ಹೆಕ್ಟೇರ್, ಅಂದರೆ ಮೂವತ್ತು ಎಕರೆ ಗೋಮಾಳ ಇರಬೇಕು. ಒಂದು ದನಕ್ಕೆ ಹನ್ನೆರಡು ಗುಂಟೆ. ಈಗ ಇನ್ನೊಂದು ಕಡೆಯ ಲೆಕ್ಕ. ಜಗತ್ತಿನ ಬೇರೆ ಬೇರೆ ಹುಲ್ಲುಗಾವಲುಗಳ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದವರು, ಮೇಯಿಸುವ ಕ್ರಮ ಸುಧಾರಿಸಿದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು ಕಾಲು ಟನ್ ಇಂಗಾಲ ಸೇರಬಹುದು ಎನ್ನುತ್ತಾರೆ. ಎಕರೆಗೆ 0.1 ಟನ್. ಒಣಸೀಮೆಯಲ್ಲಿ ಇಷ್ಟು ಸಿಕ್ಕರೆ ಅದೃಷ್ಟ. ಗಾಳಿಯ ಲೆಕ್ಕದಲ್ಲಿ ಅದು 370 ಕೆಜಿ ಇಂಗಾಲದ ಡೈಆಕ್ಸೈಡ್. ಭಾರತದ, ಹಾಲು ಕೊಡದ ಒಂದು ದನ ವರ್ಷಕ್ಕೆ 27 ಕೆಜಿ ಮೀಥೇನ್ ತೇಗುತ್ತದೆ ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2006ರ ಮಾರ್ಗಸೂಚಿ ಹಿಡಿಯುತ್ತದೆ. ತೂಕಕ್ಕೆ ತೂಕ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಏರಿಸುತ್ತದೆ, ಹಾಗಾಗಿ ಅದು 750 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಹಳ್ಳಿಕಾರ್ ಎತ್ತಿನ ತೇಗನ್ನು ತೀರಿಸಲು ಚೆನ್ನಾಗಿ ನೋಡಿಕೊಂಡ ಎರಡು ಎಕರೆ ಗೋಮಾಳ ಬೇಕು. ಇರುವುದು ಹನ್ನೆರಡು ಗುಂಟೆ, ಅದೂ ಕಾಗದದಲ್ಲಿ. ಗೋಮಾಳದಿಂದ ದನದ ಪಾಪವೆಲ್ಲ ತೊಳೆಯುತ್ತದೆ ಎಂದು ಯಾರೂ ನಂಬಬಾರದು.

ಹಾಗಾದರೆ ಬಿಟ್ಟುಬಿಡೋಣವೇ? ಇಂಗಾಲದ ಕೆರೆಯ ಇನ್ನೊಂದು ಮಗ್ಗುಲು ನೋಡಿ, ಏರಿ ಒಡೆಯುವ ಮಗ್ಗುಲು. ಹುಲ್ಲುಗಾವಲನ್ನು ಉತ್ತು ಹೊಲ ಮಾಡಿದಲ್ಲೆಲ್ಲ ಮೇಲ್ಮಣ್ಣಿನ ಇಂಗಾಲದಲ್ಲಿ ಮೂರನೇ ಒಂದು ಭಾಗ, ಕೆಲವು ಕಡೆ ಅರ್ಧ, ಕೆಲವೇ ದಶಕಗಳಲ್ಲಿ ಹೋಗಿದೆ. ಮೂರೂವರೆ ಟನ್ ಇರುವ ಎಕರೆಯಲ್ಲಿ ಮೂರನೇ ಒಂದು ಎಂದರೆ ಒಂದು ಟನ್ನಿಗೂ ಮೇಲೆ. ವರ್ಷಕ್ಕೆ 0.1ರಂತೆ ಸೇರಿಸುವವನ ಹನ್ನೊಂದು ಹನ್ನೆರಡು ವರ್ಷದ ದುಡಿಮೆ. ಸರ್ಕಾರಿ ನೆಲವನ್ನು ಅನುಮತಿ ಇಲ್ಲದೆ ಬಗರ್ ಹುಕುಂ ಎಂದು ಉತ್ತು, ಸಕ್ರಮ ಮಾಡಿಕೊಡಿ ಎಂದು ಫಾರಂ 57 ತುಂಬಿ, ಸಮಿತಿಯ ಮುಂದೆ ಕಾಯುವವರಲ್ಲಿ ಭೂಮಿಯೇ ಇಲ್ಲದ ಬಡವರೂ ಇದ್ದಾರೆ, ನಾಲ್ಕು ಕಡೆ ಇದ್ದೂ ಐದನೆಯದಕ್ಕೆ ಬೇಲಿ ಹಾಕುವವರೂ ಇದ್ದಾರೆ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ನೆಲದ ಒತ್ತುವರಿ ತೆರವುಗೊಳಿಸಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಅದು ಹೇಳಿದ್ದು ಇಂಗಾಲಕ್ಕಾಗಿ ಅಲ್ಲ. ಆದರೂ ನನ್ನನ್ನು ಕೇಳಿದರೆ, ನಮ್ಮ ಸೀಮೆಯಲ್ಲಿ ಮಣ್ಣಿನ ಇಂಗಾಲಕ್ಕಾಗಿ ಮಾಡಬಹುದಾದ ಅತಿ ದೊಡ್ಡ ಕೆಲಸ ಇರುವ ಗೋಮಾಳಕ್ಕೆ ನೇಗಿಲು ಬೀಳದಂತೆ ನೋಡಿಕೊಳ್ಳುವುದು. ಉಳಿದದ್ದೆಲ್ಲ ಅದರ ನಂತರ.

ಉಳಿದದ್ದರಲ್ಲಿ ಸಾರಜನಕವೂ ಒಂದು. ಮಣ್ಣಿನಲ್ಲಿ ನೆಲೆ ನಿಲ್ಲುವ ಇಂಗಾಲ ಒಬ್ಬಂಟಿಯಾಗಿ ನಿಲ್ಲುವುದಿಲ್ಲ, ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಜೊತೆಗಿರಬೇಕು. ಗೋಮಾಳಕ್ಕೆ ಯೂರಿಯಾ ಎರಚುವವರು ಯಾರೂ ಇಲ್ಲ, ಎರಚಲೂಬಾರದು. ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುವ ಸ್ಟೈಲೋದಂಥ ದ್ವಿದಳ ಮೇವನ್ನು ಬಿತ್ತುವ ಸಲಹೆ ಬರುವುದು ಇದಕ್ಕೇ. ಮರ ನೆಡುವುದಾದರೆ ಅಲ್ಲೊಂದು ಇಲ್ಲೊಂದು ಬಿಳಿಜಾಲಿ, ಹೊಂಗೆ ಸಾಕು. ಗೋಮಾಳವನ್ನು ಪೂರ್ತಿ ನೀಲಗಿರಿ ತೋಪು ಮಾಡಿ ಹುಲ್ಲನ್ನು ಹೊರದಬ್ಬಿದ ಪಾಠ ಈ ರಾಜ್ಯಕ್ಕೆ ಒಮ್ಮೆ ಆಗಿದೆ, 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದು ಎಂದಿತು.

ಅಳೆಯುವುದರ ಬಗ್ಗೆ ನನ್ನದೇ ಒಂದು ಮುಖಭಂಗದ ಕಥೆ ಇದೆ. ನಮ್ಮ ಹೊಲದ ಮಣ್ಣು ಮೊದಲ ವರ್ಷ 0.38 ತೋರಿಸಿತ್ತು, ಮರುವರ್ಷ 0.61. ಊರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಚಿಕ್ಕಪ್ಪನೇ ತೋರಿಸಿದರು, ಎರಡನೆಯ ಸಲ ನಾನು ಮಣ್ಣು ಎತ್ತಿದ್ದು ಕುರಿಮಂದೆ ನಿಂತಿದ್ದ ಮೂಲೆಯಿಂದ. ಪ್ರಯೋಗಾಲಯದ ತಪ್ಪಿಲ್ಲ, ತಪ್ಪು ನನ್ನದೇ. ಒಂದೇ ಹೊಲದಲ್ಲಿ ಹತ್ತು ಹೆಜ್ಜೆಗೆ ಅಂಕಿ ಇಷ್ಟು ಬದಲಾಗುವಾಗ, ವರ್ಷಕ್ಕೆ ನೂರರಲ್ಲಿ ಒಂದೆರಡು ಪಾಲು ಏರುವುದನ್ನು ಹಿಡಿಯುವುದು ಹುಡುಗಾಟದ ಮಾತಲ್ಲ. ಅದರ ಮೇಲೆ ಕಲ್ಲಿನ ತಕರಾರು. ಪ್ರಯೋಗಾಲಯ ಎರಡು ಮಿಲಿಮೀಟರ್ ಜರಡಿಯಲ್ಲಿ ಇಳಿದ ಮಣ್ಣನ್ನಷ್ಟೇ ನೋಡುತ್ತದೆ, ನಮ್ಮ ಗೋಮಾಳದಲ್ಲಿ ಮೂರನೇ ಒಂದು ಪಾಲು ಗರಸಾದರೆ ಎಕರೆಯ ಲೆಕ್ಕದಿಂದ ಅಷ್ಟನ್ನೂ ಕಳೆಯಬೇಕು. ತುಳಿದು ಗಟ್ಟಿಯಾದ ಮಣ್ಣು ಅದೇ ಆಳದಲ್ಲಿ ಹೆಚ್ಚು ತೂಗುವುದರಿಂದ ಹಾಳಾದ ನೆಲವೇ ಹೆಚ್ಚು ಇಂಗಾಲ ತೋರಿಸುವ ತಮಾಷೆಯೂ ನಡೆಯುತ್ತದೆ.

ಇಂಗಾಲದ ಕ್ರೆಡಿಟ್ ಮಾರುವ ಮಾತು ಇಲ್ಲೇ ಮುಗ್ಗರಿಸುತ್ತದೆ. ಒಂದು ಕ್ರೆಡಿಟ್ ಎಂದರೆ ಗಾಳಿಯಿಂದ ಇಳಿಸಿದ ಅಥವಾ ಗಾಳಿಗೆ ಸೇರದಂತೆ ತಡೆದ ಒಂದು ಟನ್ ಇಂಗಾಲದ ಡೈಆಕ್ಸೈಡ್, ಕೊಂಡವರು ಅದನ್ನು ತಾವು ಬಿಟ್ಟ ಹೊಗೆಯ ಲೆಕ್ಕಕ್ಕೆ ವಜಾ ಹಾಕಿಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಇಂಥ ಯೋಜನೆಗೆ ಸೇರುವ ಜಮೀನುದಾರ 25 ವರ್ಷ ಅಥವಾ 100 ವರ್ಷ ಆ ಇಂಗಾಲವನ್ನು ಕಾಯುವುದಾಗಿ ಒಪ್ಪಬೇಕು. ಕೀನ್ಯಾದ ಉತ್ತರದಲ್ಲಿ ಪಶುಪಾಲಕರ ಹುಲ್ಲುಗಾವಲಿನ ಮೇಲೆ ನಡೆದ ದೊಡ್ಡ ಯೋಜನೆಯೊಂದು 2023ರಲ್ಲಿ ಮರುಪರಿಶೀಲನೆಗೆ ಸಿಕ್ಕಿತು. ನಮ್ಮ ಗೋಮಾಳ ಸರ್ಕಾರದ್ದು, ಮೇಯಿಸುವವರು ಊರಿನವರು. 25 ವರ್ಷಕ್ಕೆ ಸಹಿ ಹಾಕುವವರು ಯಾರು, ಹಣ ಬಂದರೆ ಯಾರಿಗೆ, ಬರಗಾಲದ ವರ್ಷ ಬೇಲಿ ತೆಗೆದರೆ ದಂಡ ಯಾರಿಗೆ?

ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಕ್ರೆಡಿಟ್ಟಿನ ಮಾತಿಗೆ ಕಿವಿ ಕೊಡಲಿಲ್ಲ, ಬಿಡುವಿನ ಮಾತಿಗೆ ಕೊಟ್ಟರು.

"ಮೊದಲ ಮಳೆ ಬಿದ್ದ ಮೇಲೆ ಎಷ್ಟು ದಿನ ದನ ಬಿಡಬಾರದು?"

"ನಲವತ್ತು ದಿನ ಸಿಕ್ಕರೆ ಹುಲ್ಲು ಬೇರು ಬಿಡುತ್ತದೆ ಚಿಕ್ಕಪ್ಪ."

ಅವರು ಹಿತ್ತಿಲಿನ ಕಡೆ ಕೈ ತೋರಿಸಿದರು. ಸಂಕ್ರಾಂತಿಯ ಹೊತ್ತಿಗೆ ಮಾಡಿನ ಎತ್ತರಕ್ಕಿದ್ದ ರಾಗಿ ಹುಲ್ಲಿನ ಮೆದೆ ಮೇ ತಿಂಗಳಲ್ಲಿ ಮೊಣಕಾಲೆತ್ತರಕ್ಕೆ ಇಳಿದಿತ್ತು, ಬುಡದ ಹುಲ್ಲು ಕಪ್ಪಾಗಿತ್ತು. ಪ್ರತಿ ಮನೆಯ ಮೆದೆಯೂ ಮುಗಿಯುವುದು ಆ ಹದಿನೈದು ದಿನಗಳಲ್ಲೇ, ಗೋಮಾಳ ಚಿಗುರುವುದೂ ಆಗಲೇ. ಮುನ್ನೂರು ಕೆಜಿ ತೂಗುವ ದನಕ್ಕೆ ದಿನಕ್ಕೆ ಆರೂವರೆ ಕೆಜಿ ಒಣಮೇವು ಎಂದು ಹಿಡಿದು ಇಬ್ಬರೂ ಲೆಕ್ಕ ಹಾಕಿದೆವು. ನಲವತ್ತು ದಿನಕ್ಕೆ 260 ಕೆಜಿ, ನೂರು ದನಕ್ಕೆ 26 ಟನ್. ಅದಕ್ಕೆ ಬದಲಾಗಿ ಮೂವತ್ತು ಎಕರೆಯಲ್ಲಿ ಎಲ್ಲವೂ ಸರಿಯಾಗಿ ನಡೆದರೆ ಮಣ್ಣು ಸೇರುವ ಇಂಗಾಲ ಮೂರು ಟನ್, ಮಾರುವುದಾದರೆ ಹನ್ನೊಂದು ಕ್ರೆಡಿಟ್.

"ಇಪ್ಪತ್ತಾರು ಟನ್," ಎಂದು ಚಿಕ್ಕಪ್ಪ ಇನ್ನೊಮ್ಮೆ ಹೇಳಿದರು. "ನಾಲೆ ಬಯಲಿನಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಡುತ್ತಾರಲ್ಲ, ಆ ಕಡೆ ಹಸಿ ಸೋಗೆ ಯಾವ ತಿಂಗಳಲ್ಲಿ ಸಿಗುತ್ತದೆ, ಲಾರಿ ಬಾಡಿಗೆ ಎಷ್ಟು, ಅದನ್ನು ಮೊದಲು ವಿಚಾರಿಸು."